ಕರುಣೆಗೆ ಹತ್ತಕ್ಕೆ ಏಳೂವರೆ

ನಮ್ಮ ಬೀದಿಯ ದೀಪ ಕೆಟ್ಟು ಹನ್ನೊಂದು ತಿಂಗಳಾದ ಮೇಲೆ ಅದನ್ನು ಸರಿ ಮಾಡಿಸಿದವನು ನಾನು. ಅದಕ್ಕಾಗಿ ವಾರ್ಡ್ ಆಫೀಸಿಗೆ ಹದಿನಾಲ್ಕು ಸಲ ಅಲೆದಿದ್ದೆ. ಊರಿಗೆ ಅಂತ ನಾನು ಮಾಡಿದ ಒಂದೇ ಒಂದು ಕೆಲಸ ಅದು. ಸುದ್ದಿ ಕಿವಿಯಿಂದ ಕಿವಿಗೆ ದಾಟಿ, 2025ರ ನವೆಂಬರಿನಲ್ಲಿ ಬೆಂಗಳೂರಿನ ಹೊರವಲಯದ ಎಂಬಿಎ ಕಾಲೇಜೊಂದು ನನ್ನನ್ನು ತೀರ್ಪುಗಾರನಾಗಿ ಕರೆಯಿತು. ಆಮಂತ್ರಣದಲ್ಲಿ ನನ್ನ ಹೆಸರಿನ ಕೆಳಗೆ ‘ಸಿವಿಕ್ ಚೇಂಜ್ ಮೇಕರ್’ ಅಂತ ಅಚ್ಚಾಗಿತ್ತು. ಹೆಂಡತಿ ಕಾರ್ಡು ಓದಿ, "ಆ ದೀಪ ಮತ್ತೆ ಕೆಟ್ಟಿದೆ, ನೋಡಿದ್ರಾ?" ಅಂದಳು.

ನಾನು ಅಂಕ ಹಾಕಬೇಕಿದ್ದ ವಿಷಯದ ಹೆಸರು ‘ಪರ್ಸನಲ್ ಲೀಡರ್‌ಶಿಪ್ ಆ್ಯಂಡ್ ಸಿವಿಕ್ ಎಂಗೇಜ್‌ಮೆಂಟ್’. ಹುಡುಗರ ಬಾಯಲ್ಲಿ ಇದು ಬರೀ ‘ಕೆರೆ ಸಬ್ಜೆಕ್ಟ್’. ಎಂಬಿಎ ಮುಗಿಸಲು ಒಟ್ಟು ನೂರು ಕ್ರೆಡಿಟ್ ಬೇಕು, ಅದರಲ್ಲಿ ಇದಕ್ಕೆ ಎರಡು. ಕಂಪನಿ ಕಾಯ್ದೆ 2013ರ 135ನೇ ಕಲಂ ನೆನಪಾಯಿತು. ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು ಅನ್ನುತ್ತದೆ ಅದು. ಮಕ್ಕಳನ್ನು ಈಗಲೇ ಆ ಅಳತೆಗೆ ಒಗ್ಗಿಸುತ್ತಿದ್ದಾರೆ. ಉಳಿದ ಶೇ. 98 ಏನು ಅಂತ ಯಾರೂ ಕೇಳುವುದಿಲ್ಲ.

ಮೊದಲರ್ಧ ಸೆಮಿಸ್ಟರ್ ಪರ್ಸನಲ್ ಲೀಡರ್‌ಶಿಪ್. ಬೆಳಿಗ್ಗೆ ಐದಕ್ಕೆ ಏಳಬೇಕು, ಕನ್ನಡಿ ಮುಂದೆ ನಿಂತು "ನಾನು ನಾಯಕ" ಅನ್ನಬೇಕು, ಡೈರಿ ಬರೆಯಬೇಕು. ಹಾಸ್ಟೆಲಿನ ಒಂದು ಬಾತ್‌ರೂಮಿಗೆ ಕನ್ನಡಿ ಒಂದೇ, ನಾಯಕರು ಹದಿನಾರು ಜನ. ಕ್ಯೂ ನಿಲ್ಲುವುದಂತೆ. ಸದ್ಯ, ಅಲ್ಲಾದರೂ ಕ್ಯೂ ಕಲಿತರಲ್ಲ.

ಇನ್ನರ್ಧ ಸಿವಿಕ್ ಎಂಗೇಜ್‌ಮೆಂಟ್, ಅಂದರೆ ಊರ ಕೆಲಸದಲ್ಲಿ ತೊಡಗಿಕೊಳ್ಳುವುದು. ಅದರ ಪ್ರೆಸೆಂಟೇಷನ್ ದಿನವೇ ನಾನು ಹೋದದ್ದು. ನನ್ನ ಕೈಗೆ ಅಂಕಪಟ್ಟಿ ಕೊಟ್ಟರು. ಟೀಮ್‌ವರ್ಕ್‌ಗೆ ಹತ್ತು, ಸ್ಲೈಡಿಗೆ ಹತ್ತು, ಸಮಯಪಾಲನೆಗೆ ಹತ್ತು, ಪರಿಣಾಮಕ್ಕೆ ಹತ್ತು, ಎಂಪತಿಗೆ ಹತ್ತು. ಅಂದರೆ ಪರರ ಕಷ್ಟಕ್ಕೆ ಕರಗುವುದು. ಪಕ್ಕದಲ್ಲಿ ಕೂತಿದ್ದ ಮೇಡಂ ಸಲೀಸಾಗಿ ಏಳೂವರೆ, ಎಂಟು ಅಂತ ಹಾಕುತ್ತಾ ಹೋದರು. ಆ ಅರ್ಧ ಅಂಕದ ಕರುಣೆ ಎಲ್ಲಿ ಕಾಣುತ್ತದೆ ಅಂತ ಕೇಳಿದೆ. "ಕಣ್ಣಲ್ಲಿ ಸರ್" ಅಂದರು. ನನಗೆ ಕನ್ನಡಕ ಬದಲಾಯಿಸಬೇಕು ಅನ್ನಿಸಿತು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಹುಡುಗಿ ಬಂದು, "ಸರ್, ನನ್ನ ಎಂಪತಿ ಕಮ್ಮಿ ಆಗಿದೆ, ರೀವ್ಯಾಲ್ಯುಯೇಷನ್‌ಗೆ ಫೀ ಎಷ್ಟು?" ಅಂತ ವಿಚಾರಿಸಿದಳು.

ಒಟ್ಟು ಒಂಬತ್ತು ತಂಡ. ಆರು ತಂಡಗಳು ಒಂದೇ ಕೆರೆಯನ್ನು ಶುಚಿ ಮಾಡಿದ್ದವು. ಒಂದು ಕೆರೆ ಆರು ಸಲ ಶುಚಿಯಾದರೂ ವಾಸನೆ ಹಾಗೇ ಇದೆ ಅನ್ನುವುದು ಬೇರೆ ಮಾತು. ಎಲ್ಲರದೂ ಹಸಿರು ಟೀ ಶರ್ಟು, ಬೆನ್ನ ಮೇಲೆ ಕಾಲೇಜಿನ ಲೋಗೊ. ಹಿಂದೆ ಎರಡು ಮರಗಳ ನಡುವೆ ಕಟ್ಟಿದ ದೊಡ್ಡ ಫ್ಲೆಕ್ಸು. ಅದರಲ್ಲಿ ‘ಪ್ಲಾಸ್ಟಿಕ್ ಮುಕ್ತ ನಾಳೆಗಾಗಿ’. ಹೈಕೋರ್ಟ್ ಗದರಿಸಿದ ಮೇಲೆ 2018ರಲ್ಲಿ ಈ ನಗರದಲ್ಲಿ ಫ್ಲೆಕ್ಸ್ ನಿಷೇಧವಾಗಿದೆ. ಕಾರ್ಯಕ್ರಮ ಮುಗಿದ ಮೇಲೆ ಅದನ್ನು ಏನು ಮಾಡಿದಿರಿ ಅಂತ ಕೇಳಿದೆ. ಅಲ್ಲೇ ಬಿಟ್ಟು ಬಂದಿದ್ದರು. "ಮುಂದಿನ ಟೀಮಿಗೆ ಬೇಕಾಗತ್ತಲ್ಲ ಸರ್." ಪಾಪ, ಮರುಬಳಕೆ.

ಮೂರನೇ ತಂಡದ ಫೋಟೊ ನೋಡುವಾಗ ನನ್ನ ಕಣ್ಣು ಒಂದು ಬಾಟಲಿಗೆ ಸಿಕ್ಕಿಕೊಂಡಿತು. ಒಂದು ಲೀಟರಿನದು, ನೀಲಿ ಮುಚ್ಚಳ, ಸೊಂಟದ ಹತ್ತಿರ ನೆಗ್ಗಿಹೋಗಿತ್ತು. ಮೊದಲ ಫೋಟೊದಲ್ಲಿ ಕನ್ನಡಕದ ಹುಡುಗ ಅದನ್ನು ಬಗ್ಗಿ ಎತ್ತುತ್ತಿದ್ದ. ಎರಡನೆಯದರಲ್ಲಿ ಜಡೆಯ ಹುಡುಗಿ. ಮೂರನೆಯದರಲ್ಲಿ ಎಚ್‌ಒಡಿ, ಅಂದರೆ ವಿಭಾಗದ ಮುಖ್ಯಸ್ಥ ಸಾಹೇಬರು, ಎರಡು ಗ್ಲೌಸ್ ಹಾಕಿಕೊಂಡು, ಕ್ಯಾಮೆರಾ ಕಡೆ ನೋಡುತ್ತಾ. ಎಣಿಸಿದೆ. ಇಪ್ಪತ್ತೆರಡು ಜನ ಆ ಒಂದೇ ಬಾಟಲಿಯನ್ನು ಕೆರೆಯಿಂದ ಎತ್ತಿದ್ದರು.

ವಿಚಾರಿಸಿದಾಗ ಹುಡುಗರು ಮುಚ್ಚುಮರೆ ಮಾಡಲಿಲ್ಲ. ಅವರ ಬಸ್ಸು ಅಲ್ಲಿ ತಲುಪುವ ಹೊತ್ತಿಗೆ ಎಂಟೂವರೆ. ಅಷ್ಟರಲ್ಲಿ ಪೌರಕಾರ್ಮಿಕ ಹೆಂಗಸರು ದಡವನ್ನೆಲ್ಲ ಗುಡಿಸಿ ಚೀಲ ಕಟ್ಟಿಬಿಟ್ಟಿದ್ದರು. ಕಸವೇ ಇಲ್ಲ! ಕೊನೆಗೆ ಒಬ್ಬ ಅಕ್ಕನಿಗೆ ದಮ್ಮಯ್ಯ ಗುಡ್ಡೆ ಹಾಕಿ ಚೀಲ ಬಿಚ್ಚಿಸಿ, ಒಂದು ಬಾಟಲಿ ಎರವಲು ತಗೊಂಡರಂತೆ. "ಬೇಗ ವಾಪಸ್ ಕೊಡಿ ಕಣ್ರಪ್ಪಾ, ಆಟೊ ಟಿಪ್ಪರ್ ಬಂದ್ರೆ ಹೋಗಿಬಿಡತ್ತೆ" ಅಂತ ಆಕೆ ಅಲ್ಲೇ ಕಾದು ನಿಂತಿದ್ದರಂತೆ. ಆಕೆ ಯಾವ ಫೋಟೊದಲ್ಲೂ ಇಲ್ಲ. ಆದರೆ ಹದಿಮೂರನೇ ಸ್ಲೈಡಿನಲ್ಲಿ ‘ಪ್ರಮುಖ ಸ್ಟೇಕ್‌ಹೋಲ್ಡರ್‌ಗಳು’ ಅಂತ ಒಂದು ವೃತ್ತದೊಳಗೆ ಇದ್ದಾರೆ.

ಪ್ರತಿ ಫೋಟೊದ ಮೂಲೆಯಲ್ಲೂ ಅಕ್ಷಾಂಶ, ರೇಖಾಂಶ, ದಿನಾಂಕ. ಜಿಯೋಟ್ಯಾಗ್ ಅಂತೆ. ಕಾಲೇಜುಗಳನ್ನು ಅಳೆದು ಮಾನ್ಯತೆ ಕೊಡುವ ನ್ಯಾಕ್‌ನವರಿಗೆ ಕೊಡಬೇಕಲ್ಲ, ಅವರ ಮಾನದಂಡದಲ್ಲಿ ಸಮಾಜಸೇವೆಗೂ ಅಂಕ ಇದೆ. ಜಿಯೋಟ್ಯಾಗ್ ಇಲ್ಲದೆ ಮುದುಕಿಯನ್ನು ರಸ್ತೆ ದಾಟಿಸಿದರೆ ಆಕೆ ದಾಟಿದಂತೆ ಲೆಕ್ಕವಿಲ್ಲ, ವಾಪಸ್ ಕರೆತರಬೇಕು. ನಾನು ಓದುವಾಗ ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ ಇತ್ತು. 1969ರಿಂದ ಇದೆ, ಈಗಲೂ ಇದೆ. ಏಳು ದಿನ ಹಳ್ಳಿಯ ಶಾಲೆಯಲ್ಲಿ ಮಲಗಿ, ಚರಂಡಿ ತೋಡಿ, ಕೈ ಬೊಬ್ಬೆ ಎದ್ದು, ರಾತ್ರಿ ಊರವರ ಮುಂದೆ ಕೆಟ್ಟದಾಗಿ ನಾಟಕ ಆಡಿ ಬರುತ್ತಿದ್ದೆವು. ಅದರ ಧ್ಯೇಯವಾಕ್ಯ ‘ನನಗಲ್ಲ, ನಿನಗೆ’. ಕೆರೆ ಸಬ್ಜೆಕ್ಟಿನದು ‘ನನಗೆ, ಮತ್ತು ನನ್ನ ಲಿಂಕ್ಡ್‌ಇನ್‌ಗೆ’.

ಏಳನೇ ತಂಡಕ್ಕೆ ಕೊಟ್ಟ ಕೆಲಸ ನಿಜಕ್ಕೂ ಕಷ್ಟದ್ದು: ನಿಮ್ಮ ವಾರ್ಡಿನ ಕಾರ್ಪೊರೇಟರ್ ಸಂದರ್ಶನ ಮಾಡಿ. ಬೆಂಗಳೂರಲ್ಲಿ ಪಾಲಿಕೆ ಚುನಾವಣೆ ಆದದ್ದು 2015ರ ಆಗಸ್ಟಿನಲ್ಲಿ. 198 ಕಾರ್ಪೊರೇಟರುಗಳೂ 2020ರ ಸೆಪ್ಟೆಂಬರಿನಲ್ಲಿ ಮನೆಗೆ ಹೋದರು. ಆಮೇಲೆ ಐದು ವರ್ಷ ಆ ಕುರ್ಚಿಗಳಲ್ಲಿ ಯಾರೂ ಕೂರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದಾಯಿತು. ಒಂದು ಪಾಲಿಕೆಯಲ್ಲಿ ಇಲ್ಲದಿದ್ದ ಕಾರ್ಪೊರೇಟರು ನಾನು ಹೋದ ನವೆಂಬರಿನಲ್ಲಿ ಐದು ಪಾಲಿಕೆಯಲ್ಲೂ ಇರಲಿಲ್ಲ. ಪ್ರಗತಿ ಅಂದರೆ ಇದೇ ಅಲ್ವಾ?

ತಂಡದ ನಾಯಕ ಮಾತ್ರ ಎದೆಗುಂದಲಿಲ್ಲ. ಹೊರವರ್ತುಲ ರಸ್ತೆಯ ಟೆಕ್ ಪಾರ್ಕಿಗೆ ಹೋಗಿ ಒಬ್ಬ ಎಚ್‌ಆರ್ ಮ್ಯಾನೇಜರನ್ನು ಸಂದರ್ಶನ ಮಾಡಿ ಬಂದ. ಕಾರ್ಪೊರೇಟರ್ ಅಂದರೆ ಕಾರ್ಪೊರೇಟ್‌ನಲ್ಲಿ ಇರುವವರು ಅಂತ ಅವನ ತಿಳಿವಳಿಕೆ. ತಪ್ಪು ಅನ್ನೋಣ ಅಂದರೆ, ಅವನು ಪಿಯುಸಿಯಲ್ಲಿದ್ದಾಗಿಂದ ಈ ಊರಲ್ಲಿ ಬೇರೆ ಥರದ ಕಾರ್ಪೊರೇಟರೇ ಇರಲಿಲ್ಲವಲ್ಲ. ನೋಡಿರುವುದಾದರೂ ಎಲ್ಲಿ? ಆ ಎಚ್‌ಆರ್ ಮ್ಯಾನೇಜರಮ್ಮ ಕಸ ವಿಲೇವಾರಿ ಬಗ್ಗೆ ಚೆನ್ನಾಗಿಯೇ ಮಾತಾಡಿದ್ದರು. ತಂಡಕ್ಕೆ 46 ಅಂಕ ಬಂತು.

ಊಟದ ಹೊತ್ತಿಗೆ, ನಿಮ್ಮ ಕ್ಲಾಸಿನ ಪ್ರತಿನಿಧಿ ಯಾರು ಅಂತ ಸುಮ್ನೆ ಕೇಳಿದೆ. ಒಬ್ಬ ಸಿಆರ್ ಎದ್ದು ನಿಂತ. ಚುನಾವಣೆಯಲ್ಲಿ ಗೆದ್ದೆಯಾ ಮಗಾ ಅಂದೆ. ಎಲ್ಲರೂ ನಕ್ಕರು. ಎಚ್‌ಒಡಿ ಹೆಸರು ಸೂಚಿಸಿದ್ದರು, ಎಚ್‌ಒಡಿಯೇ ಅನುಮೋದಿಸಿದ್ದರು. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಚುನಾವಣೆ ನಿಂತದ್ದು 1980ರ ದಶಕದ ಕೊನೆಯಲ್ಲಿ. ಗಲಾಟೆ ಆಗುತ್ತದೆ ಅನ್ನುವುದು ಕಾರಣ. ಆಗ ಓದುತ್ತಿದ್ದವರ ಮಕ್ಕಳು ಈಗ ಪ್ರಜಾಪ್ರಭುತ್ವದಲ್ಲಿ ತೊಡಗಿಕೊಳ್ಳುವುದು ಹೇಗೆ ಅಂತ ಸ್ಲೈಡ್ ಮಾಡುತ್ತಿದ್ದಾರೆ. ಈಜು ಕಲಿಸುತ್ತೇವೆ, ನೀರು ಮಾತ್ರ ಬೇಡ, ಶೀತ ಆಗುತ್ತೆ.

2024ರ ಏಪ್ರಿಲ್ 26ರ ಲೋಕಸಭೆ ಮತದಾನದ ದಿನ, ಬೆರಳ ಶಾಯಿ ತೋರಿಸಿದವರಿಗೆ ಹೋಟೆಲಿನವರು ದೋಸೆ ಕೊಡುತ್ತೇವೆ ಅಂದರೂ ಬೆಂಗಳೂರು ದಕ್ಷಿಣದಲ್ಲಿ ಮತ ಬಿದ್ದದ್ದು ಶೇ. 53ರ ಆಸುಪಾಸು. ಮಂಡ್ಯದಲ್ಲಿ ಶೇ. 81 ದಾಟಿತ್ತು. ಅಲ್ಲಿ ಯಾರೂ ಎರಡು ಕ್ರೆಡಿಟ್ ಕೊಟ್ಟಿರಲಿಲ್ಲ. ಶುಕ್ರವಾರ ಮತದಾನ ಇಟ್ಟರೆ ಬೆಂಗಳೂರಿಗೆ ಅದು ಮೂರು ದಿನದ ರಜೆ. ಕೂರ್ಗ್ ಹೋಂಸ್ಟೇಗಳಿಗೆ ಕೇಳಿ, ಸಿವಿಕ್ ಎಂಗೇಜ್‌ಮೆಂಟ್ ಎಷ್ಟು ಜೋರಿತ್ತು ಅಂತ.

ಒಂಬತ್ತನೇ ತಂಡದಲ್ಲಿ ಇದ್ದದ್ದು ಒಬ್ಬನೇ. ಚಳ್ಳಕೆರೆ ಕಡೆಯ ಹುಡುಗ, ಅಪ್ಪ ಎಣ್ಣೆ ಗಿರಣಿಯಲ್ಲಿ ಲೆಕ್ಕ ಬರೆಯುವವರು. ತಂಡದ ಉಳಿದ ಮೂವರು ಅರ್ಧಕ್ಕೇ ಬೇರೆ ತಂಡ ಸೇರಿಕೊಂಡಿದ್ದರು. ಇವನ ಹತ್ತಿರ ಸ್ಲೈಡ್ ಇರಲಿಲ್ಲ. ಒಂದು ಹಾಳೆ ಇತ್ತು. ಮಾಹಿತಿ ಹಕ್ಕಿನ ಅರ್ಜಿ, ಜೊತೆಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರಿನ ಜೆರಾಕ್ಸು. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರುವಂತಿಲ್ಲ, ವಿಷಯ ಒಂದೇ ಇರಬೇಕು. ಇವನದು 61 ಪದ. ಓದಿ ಹೇಳಿದ: ನಮ್ಮ ಕಾಲೇಜಿನ ಹಿಂದಿನ ಗೇಟಿನ ಪಕ್ಕ ಹರಿಯುವ ರಾಜಕಾಲುವೆ ದಾಖಲೆಯಲ್ಲಿ ಎಷ್ಟು ಅಗಲ ಇದೆ, ಈಗ ಎಷ್ಟಿದೆ, ಅದರ ಮೇಲೆ ಕ್ಯಾಂಟೀನ್ ಕಟ್ಟಲು ಅನುಮತಿ ಕೊಟ್ಟವರು ಯಾರು?

ಸಭೆ ತಣ್ಣಗಾಗಿಬಿಟ್ಟಿತು. ನನ್ನ ಮುಂದಿದ್ದ ಕಾಫಿ ಬಂದದ್ದೂ ಅದೇ ಕ್ಯಾಂಟೀನಿಂದ. ಒಂದು ಗುಟುಕು ಉಳಿದಿತ್ತು, ಕುಡಿಯಲೋ ಬಿಡಲೋ ಗೊತ್ತಾಗಲಿಲ್ಲ.

ಮೇಡಂ ಮೊದಲು ಗಂಟಲು ಸರಿಮಾಡಿಕೊಂಡರು. "ಇಂಪ್ಯಾಕ್ಟ್ ಏನು?"

"ಇನ್ನೂ ಉತ್ತರ ಬಂದಿಲ್ಲ ಮೇಡಂ. ಮೂವತ್ತು ದಿನ ಟೈಮ್ ಇದೆ ಅವರಿಗೆ."

"ಸೆಮಿಸ್ಟರ್ ಇನ್ನು ಎಂಟು ದಿನಕ್ಕೆ ಮುಗಿಯತ್ತೆ."

"ಅದು ಕಾಯ್ದೆಯಲ್ಲಿ ಇಲ್ಲ ಮೇಡಂ."

ಎಚ್‌ಒಡಿ ತುಂಬ ಮೃದುವಾಗಿ, ಲೀಡರ್‌ಶಿಪ್ ಅಂದರೆ ಪ್ರಶ್ನೆ ಕೇಳುವುದಲ್ಲ, ಪರಿಹಾರ ಕೊಡುವುದು ಅಂದರು. ಹುಡುಗ, "ಪರಿಹಾರ ಇದೆ ಸರ್, ಕ್ಯಾಂಟೀನ್ ಆ ಕಡೆ ಹಾಕಬಹುದು" ಅಂತ ಕೈ ತೋರಿಸಿದ. ಆ ಕಡೆ ಇದ್ದದ್ದು ಚೇರ್ಮನ್ನರ ಕಾರು ನಿಲ್ಲಿಸುವ ಜಾಗ.

ಅಂಕಪಟ್ಟಿಯಲ್ಲಿ ಟೀಮ್‌ವರ್ಕ್ ಸೊನ್ನೆ, ಸ್ಲೈಡ್ ಸೊನ್ನೆ, ಪರಿಣಾಮ ‘ಬಾಕಿ’. ಎಂಪತಿ ಎರಡು. ಷರಾದಲ್ಲಿ ‘ಆಡಳಿತ ಮಂಡಳಿಯ ಭಾವನೆಗಳ ಬಗ್ಗೆ ಸೂಕ್ಷ್ಮತೆ ಸಾಲದು’. ನಾನು ಐವತ್ತಕ್ಕೆ ಐವತ್ತು ಹಾಕಿದೆ. ಹೊರಗಿನವರ ಅಂಕ ಬರೀ ಸಲಹೆಯ ರೂಪದ್ದಂತೆ, ಲೆಕ್ಕಕ್ಕೆ ಬರುವುದಿಲ್ಲ. ಶಾಲು, ಹಾರ, ಒಂದು ಕುಂಡದ ಗಿಡ ಕೊಟ್ಟು, ಜಿಯೋಟ್ಯಾಗ್ ಫೋಟೊ ತೆಗೆದು ಕಳಿಸಿದರು.

ಒಂದೂವರೆ ತಿಂಗಳ ಮೇಲೆ ಹುಡುಗ ಫೋನ್ ಮಾಡಿದ. ಸಬ್ಜೆಕ್ಟ್ ಫೇಲ್ ಆಗಿತ್ತು. ಮತ್ತೆ ಮಾಡಬೇಕು, ಈ ಸಲ ಕೊಟ್ಟಿರುವುದು ‘ಕೆರೆ ದಡದಲ್ಲಿ ಯೋಗ’. ಅರ್ಜಿಗೂ ಉತ್ತರ ಬಂದಿತ್ತು: ಕೋರಿರುವ ಮಾಹಿತಿ ಈ ಕಚೇರಿಯಲ್ಲಿ ಲಭ್ಯವಿಲ್ಲ, ಕಡತ ಹುಡುಕಲಾಗುತ್ತಿದೆ.

"ಸರ್, ಅಪೀಲು ಎಷ್ಟು ದಿನದೊಳಗೆ ಹಾಕಬೇಕು?" ಅಂದ.

"ಮಾರ್ಕ್ಸಿಗಾ, ಅರ್ಜಿಗಾ?"

"ಎರಡಕ್ಕೂ ಸರ್. ಇನ್ನೊಂದು ಪೋಸ್ಟಲ್ ಆರ್ಡರ್ ತಗೊಂಡಿದೀನಿ. ನಿಮ್ಮ ಬೀದಿ ದೀಪದ್ದು ಏನಾದ್ರೂ ಕೇಳಬೇಕಿತ್ತಾ?"