ಮಂಗನ ಕಾಯಿಲೆಗೂ ಒಬ್ಬ ದಾನಿ ಬೇಕು

ಹೋದ ತಿಂಗಳು ನಮ್ಮ ಕಂಪನಿಯಲ್ಲಿ ಸಿಎಸ್‌ಆರ್ ಕಮಿಟಿಯ, ಅಂದರೆ ಕಂಪನಿಯ ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಹಂಚುವ ಕಮಿಟಿಯ, ಮೀಟಿಂಗ್ ಇತ್ತು. ನಾನು ಒಂದು ಹಾಳೆ ಬರೆದುಕೊಂಡು ಹೋಗಿದ್ದೆ. ಮಂಗನ ಕಾಯಿಲೆ ಅನ್ನುವ ವೈರಸ್ ಜ್ವರವನ್ನು ಕಚ್ಚಿ ಹರಡುವ ಉಣುಗಿನ (ಕಾಡಿನಲ್ಲಿ ಮೈಗೆ ಅಂಟಿ ರಕ್ತ ಹೀರುವ ಸಣ್ಣ ಹುಳ) ಬಗ್ಗೆ ಸಂಶೋಧನೆ ಮಾಡುವ ಸರ್ಕಾರಿ ಲ್ಯಾಬಿಗೆ ಮೂರು ವರ್ಷ ದುಡ್ಡು ಕೊಡೋಣ ಅಂತ. ಇಬ್ಬರು ಯುವ ಸಂಶೋಧಕರ ಸಂಬಳ, ಕಾಡಿಗೆ ಓಡಾಡಲು ಒಂದು ಜೀಪಿನ ಖರ್ಚು, ಪರೀಕ್ಷೆಯ ಸಾಮಾನು. ಅಷ್ಟೇ ಇತ್ತು ಅದರಲ್ಲಿ.

ಎಲ್ಲರೂ ಗಮನ ಕೊಟ್ಟು ಕೇಳಿದರು. ಆಮೇಲೆ ಹಿರಿಯರೊಬ್ಬರು, "ಮೂರು ವರ್ಷ ಆದ್ಮೇಲೆ ನಮ್ಮ ಕೈಗೆ ಏನು ಸಿಗುತ್ತಮ್ಮಾ?" ಎಂದರು. "ಯಾವ ಕಾಡಲ್ಲಿ, ಯಾವ ತಿಂಗಳು, ಎಷ್ಟು ಉಣುಗಿನಲ್ಲಿ ವೈರಸ್ ಇದೆ ಅನ್ನೋದು ಗೊತ್ತಾಗುತ್ತೆ ಸರ್" ಅಂದೆ. "ಸರಿ, ಅದನ್ನ ವರದಿಯಲ್ಲಿ ಹೇಗೆ ತೋರಿಸೋದು?" ಎಂದರು. ನನಗೆ ಉತ್ತರ ಬರಲಿಲ್ಲ. ದುಡ್ಡು ಡಯಾಲಿಸಿಸ್ ಮೆಷಿನ್‌ಗಳಿಗೆ ಹೋಯಿತು. ಅದೂ ಬೇಕಾದದ್ದೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಪ್ರಶ್ನೆ ಕೇಳಿದವರೂ ಒಳ್ಳೆಯ ಮನುಷ್ಯರು. ಆದರೆ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರಿಗೆ ಹೇಳಬೇಕಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ನನ್ನ ಊರು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಡಿಸೆಂಬರ್ ಬಂತೆಂದರೆ ನಮ್ಮ ಮನೆ ಜಗಲಿಯ ಮೇಲೆ ಡಿಎಂಪಿ ಎಣ್ಣೆಯ ಬಾಟಲಿ ಬಂದು ಕೂರುತ್ತಿತ್ತು. ಉಣುಗು ಹತ್ತದ ಹಾಗೆ ಕಾಡಿಗೆ ಹೋಗುವವರು ಅದನ್ನು ಕೈಕಾಲಿಗೆ ಹಚ್ಚಿಕೊಂಡು ಹೋಗಬೇಕು. ಅದರ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಒಬ್ಬ ಅಕ್ಕ ಇದ್ದಳು. ಕೊಟ್ಟಿಗೆಗೆ ದರಗು (ಒಣಗಿದ ಎಲೆ) ತರಲು ಬೆಟ್ಟಕ್ಕೆ ಹೋಗುವವಳು ಅವಳೇ. ಒಂದು ದಿನ ಮಧ್ಯಾಹ್ನ ತಲೆನೋವು ಅಂತ ಬೇಗ ಮನೆಗೆ ಹೋದಳು. ನಾಲ್ಕು ದಿನ ಬಿಡದ ಜ್ವರ. ಆಮೇಲೆ ವಸಡಿನಲ್ಲಿ ರಕ್ತ. ದೊಡ್ಡ ಆಸ್ಪತ್ರೆಗೆ ಸಾಗಿಸುವ ಹೊತ್ತಿಗೆ ತಡವಾಗಿತ್ತು. ಅವಳ ಮಗಳು ನನ್ನ ಕ್ಲಾಸಿನಲ್ಲಿದ್ದಳು. ಮುಂದಿನ ವರ್ಷ ಶಾಲೆಗೆ ಬರಲಿಲ್ಲ.

ಈ ಕಾಯಿಲೆಗೆ ಇವತ್ತಿಗೂ ನೇರ ಔಷಧಿ ಇಲ್ಲ. ಜ್ವರ ಇಳಿಸಬೇಕು, ನೀರಿನಂಶ ಕಾಯಬೇಕು, ರಕ್ತಸ್ರಾವ ನೋಡಿಕೊಳ್ಳಬೇಕು. ಬಂದವರಲ್ಲಿ ನೂರಕ್ಕೆ ಮೂರರಿಂದ ಹತ್ತು ಜನ ಸಾಯುತ್ತಾರೆ.

ಇದನ್ನು ಮೊದಲು ಕಂಡುಹಿಡಿದದ್ದು ಯಾರ ದುಡ್ಡಿನಲ್ಲಿ ಗೊತ್ತಾ? ಮಲೆನಾಡಿನ ಎಷ್ಟೋ ಜನರಿಗೇ ಈ ಕತೆ ಗೊತ್ತಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಪ್ಪು ಮೂತಿಯ ಮುಸಿಯಗಳೂ ಸತ್ತವು, ಕೆಂಪು ಮೂತಿಯ ಮಂಗಗಳೂ ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ವಿಚಿತ್ರ ಜ್ವರ. ಆಗ ಪುಣೆಯಲ್ಲಿ ವೈರಸ್ ರಿಸರ್ಚ್ ಸೆಂಟರ್ ಅಂತ ಒಂದು ಸಂಸ್ಥೆ ಇತ್ತು. 1952ರಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಮತ್ತು ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸೇರಿ ಶುರು ಮಾಡಿದ್ದು. ರಾಕ್‌ಫೆಲ್ಲರ್ ಅಂದರೆ ಪೆಟ್ರೋಲಿಯಂ ಎಣ್ಣೆಯ ವ್ಯಾಪಾರದಲ್ಲಿ ಬೆಳೆದ ಸಂಪತ್ತು. ಆ ಸಂಪತ್ತಿನ ಒಂದು ಪಾಲು 1913ರಿಂದ ಈ ದತ್ತಿಸಂಸ್ಥೆಯ ಮೂಲಕ ರೋಗಗಳ ಬೆನ್ನು ಹತ್ತಿತ್ತು. ಹಳದಿ ಜ್ವರದ ಲಸಿಕೆ ತಯಾರಾದದ್ದೂ ಅವರದೇ ಲ್ಯಾಬಿನಲ್ಲಿ. ಅದಕ್ಕಾಗಿ ಮ್ಯಾಕ್ಸ್ ಥೈಲರ್ ಅವರಿಗೆ 1951ರಲ್ಲಿ ನೊಬೆಲ್ ಬಂತು.

ಮಂಗ ಸಾಯುವುದು, ಜೊತೆಗೆ ಮನುಷ್ಯರಿಗೆ ಜ್ವರ. ಇದು ಹಳದಿ ಜ್ವರದ ಲಕ್ಷಣ. ಏಷ್ಯಾಕ್ಕೆ ಆ ರೋಗ ಅಲ್ಲಿಯವರೆಗೆ ಬಂದಿರಲಿಲ್ಲ. ಬಂದೇಬಿಟ್ಟಿತಾ ಅನ್ನುವ ಭಯದಲ್ಲಿ ಪುಣೆಯ ತಂಡ ಸೊರಬಕ್ಕೆ ಬಂತು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮುಂತಾದವರು ತಂಡದಲ್ಲಿದ್ದರು. ನೋಡಿದರೆ ಅದು ಹಳದಿ ಜ್ವರ ಆಗಿರಲಿಲ್ಲ. ಜಗತ್ತು ಅಲ್ಲಿಯವರೆಗೆ ಕಾಣದ ಹೊಸ ವೈರಸ್. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಜ್ವರದ ವೈರಸ್‌ಗೆ ಹತ್ತಿರದ ನೆಂಟ. ಸೊರಬದ ಆ ಸಣ್ಣ ಕಾಡಿನ ಹೆಸರೇ ಅದಕ್ಕೆ ಬಂತು.

ರಷ್ಯಾದ ನೆಂಟತನ ಕಂಡಿದ್ದೇ ತಡ, ಅಲ್ಲಿಂದ ಬರುವ ಹಕ್ಕಿಗಳು ಉಣುಗು ಹೊತ್ತು ತರುತ್ತಿವೆಯಾ ಅನ್ನುವ ಅನುಮಾನ ಹುಟ್ಟಿತು. ಪಕ್ಷಿತಜ್ಞ ಸಲೀಂ ಅಲಿಯವರ ತಂಡ ವಲಸೆ ಹಕ್ಕಿಗಳ ಕಾಲಿಗೆ ಬಳೆ ಹಾಕುವ ದೊಡ್ಡ ಕೆಲಸಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಸಹಾಯ ಸಿಕ್ಕಿದ್ದು ಇದೇ ಕಾರಣಕ್ಕೆ. ನಮ್ಮೂರ ಜ್ವರದಿಂದ ದೇಶದ ಹಕ್ಕಿ ಅಧ್ಯಯನ ಬೆಳೆಯಿತು ಅಂತ ಓದಿದಾಗ ನನಗೆ ಮೈ ಜುಂ ಅಂದಿತ್ತು.

ಆ ಕಾಲದ ಸಂಶೋಧಕರು ಸುಮ್ನೆ ಬಂದು ಸ್ಯಾಂಪಲ್ ತೆಗೆದುಕೊಂಡು ಹೋಗಲಿಲ್ಲ. ಸಾಗರದಲ್ಲೇ ಕ್ಷೇತ್ರ ಕೇಂದ್ರ ಮಾಡಿಕೊಂಡು ವರ್ಷಗಟ್ಟಲೆ ಕೆಲಸ ಮಾಡಿದರು. ನೆಲದ ಮೇಲೆ ಬಿಳಿ ಬಟ್ಟೆ ಎಳೆದು, ಅದಕ್ಕೆ ಅಂಟಿದ ಉಣುಗು ಆರಿಸಿ, ಎಣಿಸಿದರು. ಸತ್ತ ಮಂಗದ ಸುತ್ತ ಎಷ್ಟು ಉಣುಗು ಉದುರುತ್ತದೆ ಅಂತ ನೋಡಿದರು. ಕೊಲಂಬಿಯಾ ದೇಶದಿಂದ ಬಂದಿದ್ದ ಬೋಶೆಲ್, ನಮ್ಮವರೇ ಆದ ಪಿ.ಕೆ. ರಾಜಗೋಪಾಲನ್ ಇಂಥ ಕೆಲಸ ಮಾಡಿದವರು. ಕಾಡು ಕಡಿದು ತೋಟ, ಗದ್ದೆ ಮಾಡಿದ ಕಡೆ, ದನಗಳು ಕಾಡಿಗೆ ಮೇಯಲು ಹೋಗುವ ಕಡೆ ಉಣುಗು ಹೆಚ್ಚುತ್ತದೆ ಅಂತ ಬೋಶೆಲ್ 1969ರಲ್ಲೇ ಬರೆದರು.

ಆ ಹೊತ್ತಿಗೆ ರಾಕ್‌ಫೆಲ್ಲರ್‌ನವರು ಪುಣೆ ಬಿಡುತ್ತಿದ್ದರು. ಅವರ ಆಸಕ್ತಿ ಬೇರೆ ಕಡೆ ತಿರುಗಿತ್ತು. ಸಂಸ್ಥೆಯನ್ನು ಐಸಿಎಂಆರ್ ಮುಂದುವರಿಸಿತು. ಅದೇ ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆ, ಕೋವಿಡ್ ಕಾಲದಲ್ಲಿ ದಿನಾ ಹೆಸರು ಕೇಳಿದೆವಲ್ಲ, ಎನ್‌ಐವಿ. ಅಲ್ಲಿಯ ವಿಜ್ಞಾನಿಗಳು ತಮ್ಮ ಕೈಲಾದಷ್ಟು ಮಾಡಿದ್ದಾರೆ. ಆದರೆ ಇಡೀ ದೇಶದ ರೋಗಗಳನ್ನು ನೋಡಬೇಕಾದ ಸಂಸ್ಥೆಗೆ ವರ್ಷಕ್ಕೆ ನಾನ್ನೂರು ಐನೂರು ಜನರಿಗೆ ಬರುವ ಕಾಯಿಲೆ ಎಷ್ಟನೆಯದು? ಬೋಶೆಲ್ ಹೇಳಿದ ಮಾತನ್ನು ನಕ್ಷೆ ಹಾಕಿ, ಲೆಕ್ಕ ಮಾಡಿ ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದ ಅಧ್ಯಯನ ಬಂದದ್ದು 2020ರಲ್ಲಿ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯವರೂ, ಐಸಿಎಂಆರ್‌ನವರೂ ಅದರಲ್ಲಿದ್ದರು. ಹಸಿರು ಕಾಡು, ತೋಟ, ಗದ್ದೆ ಒಂದಕ್ಕೊಂದು ತಾಗಿಕೊಂಡಿರುವ, ನಾಟಿ ದನ ಜಾಸ್ತಿ ಇರುವ ಕಡೆ ಅಪಾಯ ಹೆಚ್ಚು ಅಂತ ಅದು ತೋರಿಸಿತು. ಆ ಕೆಲಸಕ್ಕೆ ದುಡ್ಡು ಬಂದದ್ದು ಬ್ರಿಟನ್ ಸರ್ಕಾರದಿಂದ. ಮೊದಲ ಸಲ ಅಮೆರಿಕದ ಎಣ್ಣೆ ವ್ಯಾಪಾರಿಯ ದುಡ್ಡು. ಐವತ್ತು ವರ್ಷದ ಮೇಲೆ ಬ್ರಿಟನ್ನಿನ ತೆರಿಗೆದಾರರ ದುಡ್ಡು. ನಮ್ಮ ದುಡ್ಡಿಗೆ ಏನಾಗಿದೆ?

ಈ ನಡುವೆ ಕಾಯಿಲೆ ಸುಮ್ಮನೆ ಕೂರಲಿಲ್ಲ. 1983ರಲ್ಲಿ ಬೆಳ್ತಂಗಡಿ ಕಡೆ ಕಾಡು ಕಡಿದ ಮೇಲೆ 1,500ಕ್ಕೂ ಜಾಸ್ತಿ ಜನರಿಗೆ ಬಂತು. 150ರಷ್ಟು ಜನ ಹೋದರು. 2012ರ ನಂತರ ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಸಿಂಧುದುರ್ಗ ಹೀಗೆ ಪಶ್ಚಿಮಘಟ್ಟದ ಉದ್ದಕ್ಕೂ ಕಾಣಿಸಿಕೊಂಡಿದೆ. 2018ರ ಕೊನೆಗೆ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಶುರುವಾದದ್ದು ಮುಂದಿನ ಬೇಸಿಗೆಯವರೆಗೂ ಬಿಡಲಿಲ್ಲ. ಆ ವರ್ಷ ನಮ್ಮ ಕಡೆಯ ಮನೆಮನೆಯಲ್ಲೂ ಜ್ವರ ಅಂದರೆ ಎದೆ ಡವಗುಟ್ಟುತ್ತಿತ್ತು.

ಲಸಿಕೆ ಇತ್ತಲ್ಲ ಅಂತ ಕೇಳುತ್ತೀರಿ. ಇತ್ತು. ಕೋಳಿ ಭ್ರೂಣದ ಜೀವಕೋಶದಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್ ಹಾಕಿ ಸಾಯಿಸಿ ಮಾಡುತ್ತಿದ್ದ ಲಸಿಕೆ. ಬೆಂಗಳೂರಿನಲ್ಲೇ ತಯಾರಾಗುತ್ತಿತ್ತು. 1990ರ ಸುಮಾರಿಗೆ ಮಾಡಿದ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಿಗೆ ನೂರಕ್ಕೆ 93ರಷ್ಟು ರಕ್ಷಣೆ ಕಂಡಿತ್ತು. 2005ರಿಂದ 2010ರ ಲೆಕ್ಕ ನೋಡಿದಾಗ ಅದು 62ಕ್ಕೆ ಇಳಿದಿತ್ತು. ಚುಚ್ಚಿದ ಜಾಗ ವಿಪರೀತ ನೋಯುತ್ತಿತ್ತು. ಎರಡು ಡೋಸ್, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷ ಬೂಸ್ಟರ್. ಕೂಲಿ ಬಿಟ್ಟು ಯಾರು ಹೋಗುತ್ತಾರೆ ಹೇಳಿ. 2022ರಲ್ಲಿ ಆ ಲಸಿಕೆ ನಿಂತೇಹೋಯಿತು. ಈಗ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಹೊಸದನ್ನು ತಯಾರಿಸುತ್ತಿದ್ದಾರೆ. ಅದು ಬೇಗ ಬರಲಿ ಅಂತ ಹರಕೆ ಹೊತ್ತವರ ಹಾಗೆ ಕಾಯುತ್ತಿದ್ದೇನೆ.

ಮೂವತ್ತು ವರ್ಷ ಅದೇ ಹಳೆಯ ಲಸಿಕೆ ಯಾಕೆ ನಡೆಯಿತು? ಕೊಳ್ಳುವವರು ಯಾರೂ ಇಲ್ಲ, ಅದಕ್ಕೆ. ದರಗು ಗುಡಿಸುವವಳು, ಅಡಿಕೆ ಕೊನೆ ಕೊಯ್ಯುವವನು, ಕಾಡಂಚಿನಲ್ಲಿ ದನ ಮೇಯಿಸುವವರು. ಇವರಿಗೆ ಲಸಿಕೆ ಮಾಡಿ ಯಾವ ಕಂಪನಿಗೆ ಲಾಭ? ದಾನದ ದುಡ್ಡು ಇರುವುದೇ ಇಂಥ ಕಡೆಗೆ ಅಂತ ನಾನು ನಂಬುತ್ತೇನೆ. ವ್ಯಾಪಾರಕ್ಕೆ ಲಾಭ ಬೇಕು. ಸರ್ಕಾರಕ್ಕೆ ಬಜೆಟ್ ವರ್ಷ, ಚುನಾವಣೆ ಇದೆ. ದಾನಿಗೆ ಎರಡೂ ಇಲ್ಲ. ಹತ್ತು ವರ್ಷ ಏನೂ ಸಿಗದಿದ್ದರೂ ಕಾಯುವ ಸ್ವಾತಂತ್ರ್ಯ ಇರೋದು ದಾನಿಗೆ ಮಾತ್ರ.

ಹಾಗೆ ಕಾದಾಗ ಏನಾಗುತ್ತೆ ಅನ್ನೋದಕ್ಕೆ ಪುಣೆಯದೇ ಇನ್ನೊಂದು ಉದಾಹರಣೆ ಇದೆ. ಆಫ್ರಿಕಾದಲ್ಲಿ ಸಹಾರಾ ಮರಳುಗಾಡಿನ ದಕ್ಷಿಣದ ದೇಶಗಳಲ್ಲಿ ಮಿದುಳಿನ ಪೊರೆಗೆ ಬರುವ ಒಂದು ಸೋಂಕು, ಮೆನಿಂಜೈಟಿಸ್ ಎ, ಸಾವಿರಾರು ಮಕ್ಕಳನ್ನು ಕೊಲ್ಲುತ್ತಿತ್ತು. ಅಷ್ಟು ಕಡಿಮೆ ದರಕ್ಕೆ ಲಸಿಕೆ ಮಾಡಲು ದೊಡ್ಡ ಕಂಪನಿಗಳು ಮುಂದೆ ಬರಲಿಲ್ಲ. 2001ರಲ್ಲಿ ಗೇಟ್ಸ್ ಫೌಂಡೇಶನ್ 7 ಕೋಟಿ ಡಾಲರ್ ಕೊಟ್ಟಿತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಲಸಿಕೆ ಮಾಡಿತು. ಒಂದು ಡೋಸಿಗೆ ಅರ್ಧ ಡಾಲರಿಗಿಂತ ಕಡಿಮೆ. 2010ರ ಡಿಸೆಂಬರಿನಲ್ಲಿ ಬುರ್ಕಿನಾ ಫಾಸೋದಲ್ಲಿ ಹಾಕಲು ಶುರು ಮಾಡಿದರು. ಲಸಿಕೆ ಹಾಕಿದ ಕಡೆ ಆ ರೋಗ ಹೆಚ್ಚುಕಡಿಮೆ ಇಲ್ಲವಾಗಿದೆ. ದುಡ್ಡು ಕೊಟ್ಟಾಗಿನಿಂದ ಮೊದಲ ಸೂಜಿಯವರೆಗೆ ಒಂಬತ್ತು ವರ್ಷ.

ನಮ್ಮ ರಾಜ್ಯದಲ್ಲಿ ಇಂಥ ಮನಸ್ಸಿನ ದಾನಿಗಳು ಇಲ್ಲ ಅಂತ ನಾನು ಹೇಳೋದಿಲ್ಲ. ಇದ್ದಾರೆ, ಅವರ ಮೇಲೆ ನನಗೆ ತುಂಬಾ ಗೌರವ ಇದೆ. 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ (ಐಐಎಸ್‌ಸಿ) 425 ಕೋಟಿ ಕೊಟ್ಟರು, ವೈದ್ಯಕೀಯ ಶಿಕ್ಷಣ, ಸಂಶೋಧನೆಯ ಜೊತೆ 800 ಹಾಸಿಗೆಯ ಆಸ್ಪತ್ರೆಗೆ. ರೋಹಿಣಿ ನಿಲೇಕಣಿ ಅವರು ನಿಮ್ಹಾನ್ಸ್ ಮತ್ತು ಜೀವವಿಜ್ಞಾನ ಸಂಶೋಧನೆಯ ಎನ್‌ಸಿಬಿಎಸ್‌ಗೆ ಮಾನಸಿಕ ಕಾಯಿಲೆಗಳ ಸಂಶೋಧನೆಗೆ 100 ಕೋಟಿ ಕೊಟ್ಟರು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ಫೋಸಿಸ್ ಕಟ್ಟಿದವರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ದಂಪತಿಯ ಪ್ರತೀಕ್ಷಾ ಟ್ರಸ್ಟ್ ಮಾಡಿರುವ ಕೆಲಸ. ಐಐಎಸ್‌ಸಿ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರಕ್ಕೆ 225 ಕೋಟಿ. ಅದರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷ ವರ್ಷ ಪರೀಕ್ಷೆ ಮಾಡಿ, ಮರೆವಿನ ಕಾಯಿಲೆ ಹೇಗೆ ಶುರುವಾಗುತ್ತದೆ ಅಂತ ತಿಳಿಯುವ ಅಧ್ಯಯನ ನಡೆಯುತ್ತಿದೆ. ಇದರಲ್ಲಿ ನಾಳೆಗೆ ತೋರಿಸುವಂಥದ್ದು ಏನೂ ಇಲ್ಲ. ಹಳ್ಳಿಯ ಅಜ್ಜಿಯರನ್ನು ಕರೆತರುವ ಗಾಡಿ, ರಕ್ತದ ಸ್ಯಾಂಪಲ್, ಸ್ಕ್ಯಾನ್, ಮತ್ತೆ ಮುಂದಿನ ವರ್ಷ ಅದೇ. ಇಷ್ಟು ನಿಧಾನದ ಕೆಲಸಕ್ಕೆ ಒಬ್ಬ ದಾನಿ ದುಡ್ಡು ಕೊಟ್ಟಿದ್ದಾರೆ ಅಂದರೆ ಶ್ರೀನಿವಾಸಪುರಕ್ಕೆ ಆದದ್ದು ಸೊರಬಕ್ಕೂ ಆಗಬಹುದು, ಅಲ್ವಾ?

ಇನ್ನು ಕಂಪನಿಗಳ ವಿಷಯ. ಸಿಎಸ್‌ಆರ್ ದುಡ್ಡನ್ನು ಸರ್ಕಾರಿ ವಿಶ್ವವಿದ್ಯಾಲಯಗಳ, ಐಸಿಎಂಆರ್‌ನಂಥ ಸಂಸ್ಥೆಗಳ ವೈದ್ಯಕೀಯ ಸಂಶೋಧನೆಗೆ ಕೊಡಲು ಕಾನೂನಿನಲ್ಲೇ ಜಾಗ ಇದೆ. ಕಮಿಟಿಗಳಲ್ಲಿ ಕೂತವರಿಗೇ ಇದು ಎಷ್ಟೋ ಸಲ ಗೊತ್ತಿರುವುದಿಲ್ಲ. ನನಗೂ ಗೊತ್ತಾದದ್ದು ಎರಡು ವರ್ಷದ ಹಿಂದೆ. ತೊಡಕೂ ಇದೆ. ಒಂದು ಯೋಜನೆ, ಶುರುವಾದ ವರ್ಷ ಬಿಟ್ಟರೆ, ಮೂರು ವರ್ಷಕ್ಕಿಂತ ಜಾಸ್ತಿ ನಡೆಯುವ ಹಾಗಿಲ್ಲ. 2021ರಿಂದ ಆ ದುಡ್ಡನ್ನು ಮೂಲನಿಧಿಯಾಗಿ ಇಟ್ಟು ಬಡ್ಡಿಯಲ್ಲಿ ಕೆಲಸ ನಡೆಸಲೂ ಬಿಡುವುದಿಲ್ಲ. ಮೂರು ಬೇಸಿಗೆಯಲ್ಲಿ ಉಣುಗಿನ ಲೆಕ್ಕ ಶುರು ಮಾಡಬಹುದು, ಮುಗಿಸೋಕಾಗಲ್ಲ. ಒಂದು ವರ್ಷ ಮಂಗ ಸಾಯುತ್ತವೆ, ಮುಂದಿನ ವರ್ಷ ಆ ಕಾಡು ಶಾಂತ, ಐದು ವರ್ಷ ಬಿಟ್ಟು ಮತ್ತೆ ಬರುತ್ತದೆ. ಅದಕ್ಕೇ ಈ ದುಡ್ಡು ವ್ಯಕ್ತಿಗಳಿಂದ ಬರಬೇಕು, ಟ್ರಸ್ಟುಗಳಿಂದ ಬರಬೇಕು. ಬಡ್ಡಿಯಿಂದ ನಡೆಯುವ ನಿಧಿಯಾಗಿ ನಿಲ್ಲಬೇಕು. ಜೆಮ್‌ಶೆಟ್‌ಜಿ ಟಾಟಾ ಐಐಎಸ್‌ಸಿಗೆ ಎತ್ತಿಟ್ಟದ್ದು ಬಾಂಬೆಯ 14 ಕಟ್ಟಡ ಮತ್ತು ನಾಲ್ಕು ಜಮೀನುಗಳನ್ನು. 1904ರಲ್ಲೇ ಅವರು ತೀರಿಕೊಂಡರು, ಸಂಸ್ಥೆ ಹುಟ್ಟಿದ್ದು 1909ರಲ್ಲಿ. ಆಸ್ತಿಯ ಆದಾಯ ಮಾತ್ರ ಅವರ ನಂತರವೂ ಬರುತ್ತಿತ್ತು.

ರಾಕ್‌ಫೆಲ್ಲರ್ ಕತೆಯಲ್ಲಿ ನನಗೆ ನೋವಾಗುವುದು ಇಲ್ಲೇ. ಅವರು ಬಂದದ್ದು ಅವರ ಪ್ರಶ್ನೆಯ ಹಿಂದೆ. ಪ್ರಶ್ನೆ ಮುಗಿದ ಮೇಲೆ ಹೋದರು. ಅವರ ತಪ್ಪೇನಿಲ್ಲ. ಸೊರಬ ಅವರ ಊರಲ್ಲ. ನಮ್ಮೂರಿನ ಪ್ರಶ್ನೆ ನಮ್ಮದಾಗಿರುವ ದಾನಿ ಬೇಕು. ಅಡಿಕೆಗೆ ಒಳ್ಳೆಯ ರೇಟು ಬಂದು ಎರಡು ತಲೆಮಾರು ಓದಿ ಮೇಲೆ ಬಂದ ಮನೆಗಳು ನಮ್ಮ ಕಡೆ ಎಷ್ಟಿಲ್ಲ? ಬೆಂಗಳೂರಲ್ಲಿ, ಅಮೆರಿಕದಲ್ಲಿ ಕಂಪನಿ ಕಟ್ಟಿದವರಿದ್ದಾರೆ. ಆ ತೋಟಗಳಿಗೆ ದರಗು ಹೊತ್ತವರು ಯಾರು ಅಂತ ನಮಗೆ ಗೊತ್ತು.

ಮಾರ್ಚ್‌ನಲ್ಲಿ ನಮ್ಮ ಕಮಿಟಿ ಮತ್ತೆ ಸೇರುತ್ತದೆ. ಅದೇ ಹಾಳೆ ಒಯ್ಯುತ್ತೇನೆ. ಈ ಸಲ ಮಲೆನಾಡಿನ ಒಂದು ನಕ್ಷೆಯೂ ಜೊತೆಗಿರುತ್ತದೆ, ಯಾವ ಹಳ್ಳಿಯಲ್ಲಿ ಯಾವ ವರ್ಷ ಎಷ್ಟು ಜನ ಅಂತ ಗುರುತು ಹಾಕಿದ್ದು. ಸಾಗರ, ಸೊರಬ, ತೀರ್ಥಹಳ್ಳಿ, ಸಿದ್ದಾಪುರ, ಕೊಪ್ಪದ ಕಡೆಯವರು ಯಾರಾದರೂ ಇಂಥ ಕಮಿಟಿಗಳಲ್ಲಿ, ಟ್ರಸ್ಟುಗಳಲ್ಲಿ ಇದ್ದರೆ ದಯವಿಟ್ಟು ನನಗೆ ಮೆಸೇಜ್ ಮಾಡಿ. ನಿಮ್ಮ ಮನೆಯಲ್ಲಿ, ನಿಮ್ಮ ಕೇರಿಯಲ್ಲಿ ಯಾರಿಗಾದರೂ ಈ ಕಾಯಿಲೆ ಬಂದಿದ್ದರೆ ಊರು ಮತ್ತು ವರ್ಷ ಬರೆಯಿರಿ, ಹೆಸರು ಬೇಡ. ನಕ್ಷೆಯಲ್ಲಿ ನಮ್ಮೂರಿನ ಚುಕ್ಕಿಯನ್ನು ನಿನ್ನೆ ರಾತ್ರಿ ಹಾಕಿದೆ.