ಬರೆ ಜಾರುವವರೆಗೆ ಎಲ್ಲರೂ ವಿಜ್ಞಾನಿಗಳೇ

ಆಗಸ್ಟ್ 4ರ ಬೆಳಿಗ್ಗೆ ನಮ್ಮೂರಿನ ಎಲ್ಲ ಮನೆಗಳಲ್ಲೂ ಒಂದೇ ಪ್ರಯೋಗ ನಡೆಯುತ್ತದೆ. ಪ್ರಯೋಗಾಲಯ ಯಾವುದು ಅಂದರೆ, ಕಕ್ಕಸು. ಹಿಂದಿನ ದಿನ ಕಕ್ಕಡ 18, ಅಂದರೆ ನಮ್ಮ ಕೊಡಗಿನ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದುಸೊಪ್ಪು ಕುದಿಸಿ, ಆ ನೇರಳೆ ನೀರಿನಲ್ಲಿ ಪಾಯಸ ಮಾಡಿ ಎಲ್ಲರೂ ಹೊಟ್ಟೆ ತುಂಬ ತಿಂದಿರುತ್ತೇವೆ. ಮಾರನೇ ದಿನ ಮೂತ್ರ ಕೆಂಪಾದರೆ ಮದ್ದು ಮೈಗೆ ಹಿಡಿದಿದೆ ಎಂದು ಲೆಕ್ಕ. ಕೆಂಪಾಗದಿದ್ದರೆ ಸೊಪ್ಪು ತಂದವನಿಗೆ ಬೈಗುಳ.

ಮೇಲಿನ ಮನೆಯ ಮಾವನಿಗೆ ಪ್ರತಿ ವರ್ಷವೂ ಕೆಂಪಾಗುತ್ತದೆ. ದೈವ, ದೇವರು, ಕಾರಣ ಎಂದು ಪೂಜಿಸುವ ಹಿರಿಯರು, ಯಾರನ್ನೂ ಬಿಟ್ಟವರಲ್ಲ. ಆ ದಿನ ಗಿಡಕ್ಕೆ ಹದಿನೆಂಟು ಬಗೆಯ ಔಷಧಿ ಬಂದು ಸೇರುತ್ತದೆ ಎಂಬುದು ಅವರ ಮಾತು. ಕೆಳಗಿನ ಮನೆಯ ಮೇಷ್ಟ್ರು ರಿಟೈರ್ಡ್ ವಿಜ್ಞಾನ ಶಿಕ್ಷಕರು. "ಗಿಡಕ್ಕೆ ಕ್ಯಾಲೆಂಡರ್ ಯಾರು ಕೊಟ್ಟರು ಅಣ್ಣಾ? ಸೊಪ್ಪಿನ ಬಣ್ಣ ಹೊಟ್ಟೆಗೆ ಹೋಯ್ತು, ಕಿಡ್ನಿ ಸೋಸಿ ಹೊರಗೆ ಹಾಕ್ತು. ಬೀಟ್‌ರೂಟ್ ತಿಂದರೂ ಹೀಗೇ ಆಗುತ್ತೆ" ಎಂದು ವಿವರಿಸುತ್ತಾರೆ. ವಿವರಿಸುವಾಗ ಕೈಯಲ್ಲಿ ಪಾಯಸದ ಎರಡನೇ ಬಟ್ಟಲು ಇರುತ್ತದೆ.

ಮಾವ ಸೋಲುವುದಿಲ್ಲ. ಮೊಬೈಲ್ ತೆಗೆಯುತ್ತಾರೆ. "ನೋಡಿ ಮೇಷ್ಟ್ರೇ, ವಿಜ್ಞಾನಿಗಳೇ ಒಪ್ಪಿದ್ದಾರೆ."

ಮಾವನ ಮೊಬೈಲಿಗೆ ಬರುವ ವಿಜ್ಞಾನಿಗಳಿಗೆ ಹೆಸರು ಇರುವುದಿಲ್ಲ, ದೇಶ ಮಾತ್ರ ಇರುತ್ತದೆ. ಒಬ್ಬ ಜರ್ಮನಿಯವನು, ಇಬ್ಬರು ಜಪಾನಿನವರು, ಉಳಿದವರೆಲ್ಲ ನಾಸಾದಲ್ಲಿ ಕೆಲಸಕ್ಕೆ ಇರುವವರು. ಪಾಪ, ಈ ನಾಸಾದವರು ರಾಕೆಟ್ ಕೆಲಸ ಬದಿಗಿಟ್ಟು ಅರಳಿ ಮರ, ಗಂಟೆಯ ಸದ್ದು, ತಾಮ್ರದ ಚೊಂಬು ಅಂತ ನಮ್ಮ ಸುತ್ತಲೇ ಓಡಾಡುತ್ತಿರುತ್ತಾರೆ. ನಾಸಾ ಶುರುವಾದದ್ದು 1958ರಲ್ಲಿ. ಅಜ್ಜಂದಿರ ಕಾಲದಿಂದ ಆರಾಮಾಗಿದ್ದ ನಮ್ಮ ದೇವರುಗಳಿಗೆ ಈಗ ಅದರ ಸರ್ಟಿಫಿಕೇಟ್ ಯಾಕೆ ಬೇಕಾಯಿತೋ ನನಗೆ ತಿಳಿಯದು. ವಿಜ್ಞಾನವನ್ನು ನಂಬಬಾರದು ಎನ್ನುವವರೇ ಅದರ ಸಹಿಗೆ ಕ್ಯೂ ನಿಂತಿದ್ದಾರೆ.

ಇಬ್ಬರನ್ನೂ ಒಟ್ಟಿಗೆ ನೋಡಬೇಕಾದರೆ ತುಲಾ ಸಂಕ್ರಮಣದ ದಿನ ತಲಕಾವೇರಿಗೆ ಬರಬೇಕು. ತೀರ್ಥ ಉಕ್ಕುವ ಹೊತ್ತನ್ನು ಪಂಚಾಂಗದವರು ನಿಮಿಷದ ಲೆಕ್ಕದಲ್ಲಿ ಮೊದಲೇ ಹೇಳಿಬಿಡುತ್ತಾರೆ. 2023ರಲ್ಲಿ ನಡುರಾತ್ರಿ ಕಳೆದು 1.27ಕ್ಕೆ ಅಂದಿದ್ದರು. ಸೂರ್ಯ ತುಲಾ ರಾಶಿಗೆ ಕಾಲಿಡುವ ಹೊತ್ತು ಅದು. ಅಂದರೆ ಸುಮ್ನೆ ಹೇಳಿದ್ದಲ್ಲ, ಆಕಾಶದ ಗಣಿತ. ಮಾವ ಚಳಿಯಲ್ಲಿ ನಡುಗುತ್ತಾ ಮೊಬೈಲ್ ಗಡಿಯಾರ ನೋಡುತ್ತಾ ನಿಂತಿದ್ದರು. ಆ ಗಡಿಯಾರಕ್ಕೆ ಸಮಯ ಹೇಳಿಕೊಡುವುದೂ ವಿಜ್ಞಾನಿಗಳ ಗಡಿಯಾರವೇ. ತೀರ್ಥ ಉಕ್ಕುವ ಕುಂಡಿಕೆಯ ಕಡೆಯಿಂದ ಜೈಕಾರ ಕೇಳಿದಾಗ ಮಾವನ ಮೊಬೈಲಿನಲ್ಲಿ ಇನ್ನೂ ಒಂದು ನಿಮಿಷ ಬಾಕಿ. "ನನ್ನ ಮೊಬೈಲ್ ಸ್ಲೋ" ಎಂದು ತೀರ್ಮಾನಿಸಿದರು. ನಾಲ್ಕು ಸಾಲು ಹಿಂದೆ ಮೇಷ್ಟ್ರು ಸಿಕ್ಕಿದರು. "ಜನರ ಮನಃಶಾಸ್ತ್ರ ನೋಡೋಣ ಅಂತ ಬಂದೆ" ಅಂದರು. ಕಂಕುಳಲ್ಲಿ ಎರಡು ಲೀಟರಿನ ಖಾಲಿ ಕ್ಯಾನು. ಅದು ಹೆಂಡತಿಗಂತೆ.

2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ನೆನಪಿದೆಯಲ್ವಾ? ಬಳೆಯಂಥ ಸೂರ್ಯನನ್ನು ನೋಡಲು ಕುಟ್ಟದ ಕಡೆಗೆ ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಮೇಷ್ಟ್ರು ಕಪ್ಪು ಕನ್ನಡಕ ಹಿಡಿದು ಕತ್ತಲಲ್ಲೇ ಹೊರಟರು. ಮಾವ ಬಾಗಿಲು ಹಾಕಿ, ನೀರಿನ ಕೊಡಕ್ಕೆ ದರ್ಭೆ ಹಾಕಿ, ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸಿದರು. ಒನಕೆ ನಿಂತಿತು. ಫೋಟೋ ಎಲ್ಲ ಗ್ರೂಪಿಗೂ ಹೋಯಿತು. ಮೇಷ್ಟ್ರು ಮಾರನೇ ದಿನ ಬಂದು ಅದೇ ತಟ್ಟೆಯಲ್ಲಿ ಅದೇ ಒನಕೆ ನಿಲ್ಲಿಸಿ ತೋರಿಸಿದರು. "ತಳ ಸಪಾಟಾಗಿದೆ, ಅದಕ್ಕೇ ನಿಲ್ಲುತ್ತೆ. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ." ಮಾವ ಒನಕೆಯನ್ನು ಒಂದು ಸುತ್ತು ನೋಡಿದರು. "ಗ್ರಹಣದ ಪ್ರಭಾವ ಇನ್ನೂ ಇಳಿದಿಲ್ಲ ಮೇಷ್ಟ್ರೇ" ಅಂದರು. ಇಂಥ ವಾದಕ್ಕೆ ಉತ್ತರ ಕೊಡಲು ಯಾವ ವಿಶ್ವವಿದ್ಯಾಲಯದಲ್ಲೂ ಕಲಿಸುವುದಿಲ್ಲ. (ಮೇಷ್ಟ್ರು ಗ್ರಹಣ ಬಿಡುವವರೆಗೆ ಬುತ್ತಿ ಬಿಚ್ಚಲಿಲ್ಲ ಎಂದು ಜೊತೆಗೆ ಹೋದ ಹುಡುಗರು ಹೇಳಿದರು. ಹಸಿವಿರಲಿಲ್ಲವಂತೆ.)

ಆದರೆ ಮಾವನನ್ನು ಮೂಢ ಅನ್ನಬೇಡಿ. ಮಳೆಗಾಲಕ್ಕೆ ಮೊದಲು ಅವರ ತೋಟದಲ್ಲಿ ಗಿಡದ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವುದನ್ನು ನೋಡಬೇಕು. ಮೈಲುತುತ್ತು ಎಂಬ ತಾಮ್ರದ ಲವಣ, ಸುಣ್ಣ, ನೀರು, ಎಲ್ಲ ಅಳತೆ ಪ್ರಕಾರ. ಕಲಸಿದ ಮೇಲೆ ಕತ್ತಿಯ ತುದಿ ಅದ್ದಿ ಹಿಡಿಯುತ್ತಾರೆ. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಆಗ ಮಾವ ನಾಸಾಗೆ ಫೋನ್ ಮಾಡುವುದಿಲ್ಲ, ದೇವರನ್ನೂ ಕರೆಯುವುದಿಲ್ಲ. ಇನ್ನೊಂದು ಹಿಡಿ ಸುಣ್ಣ ಹಾಕುತ್ತಾರೆ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರು ಕಾಂಡಕೊರಕ ಬಂದ ಗಿಡ ಕಿತ್ತು ಸುಡಿ ಎಂದರೆ ಅಳುತ್ತಾ ಸುಡುತ್ತಾರೆ. ಕಾಫಿ ಚೀಲದ ವಿಷಯಕ್ಕೆ ಬಂದರೆ ಕೊಡಗಿನಲ್ಲಿ ನಾಸ್ತಿಕರೂ ಇಲ್ಲ, ಆಸ್ತಿಕರೂ ಇಲ್ಲ.

ಇನ್ನು ಮಳೆಮಾಪಕ. ನಮ್ಮಲ್ಲಿ ಅಂಗಳದ ತುಳಸಿಕಟ್ಟೆಯಷ್ಟೇ ಅದಕ್ಕೂ ಮರ್ಯಾದೆ. ಬೆಳಿಗ್ಗೆ ಎದ್ದು ನೀರು ಅಳೆದು ಡೈರಿಯಲ್ಲಿ ಬರೆಯದೆ ಕಾಫಿ ಕುಡಿಯದವರಿದ್ದಾರೆ. ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಹವಾಮಾನ ಇಲಾಖೆ 24 ಗಂಟೆಯಲ್ಲಿ 204.5 ಮಿಲಿಮೀಟರ್ ದಾಟಿದರೆ ಅತ್ಯಂತ ಭಾರೀ ಮಳೆ ಅನ್ನುತ್ತದೆ. ನಮ್ಮ ಭಾಷೆಯಲ್ಲಿ 8 ಇಂಚು 5 ಸೆಂಟು. ಅಷ್ಟು ಬರಬಹುದು ಎನಿಸಿದಾಗ ರೆಡ್ ಅಲರ್ಟ್. ಈ ಅಲರ್ಟನ್ನು ಪೂರ್ಣ ಮನಸ್ಸಿನಿಂದ ನಂಬುವವರು ಜಿಲ್ಲೆಯಲ್ಲಿ ಶಾಲೆಯ ಮಕ್ಕಳು ಮಾತ್ರ. ಮೇಷ್ಟ್ರು ಆ ದಿನ ಬಿಸಿಲು ಬಿದ್ದರೆ "ನೋಡಿ, ನಿಮ್ಮ ವಿಜ್ಞಾನ" ಎಂದು ಆಕಾಶ ತೋರಿಸುತ್ತಾರೆ. ಅಲರ್ಟ್ ಅಂದರೆ ಸಾಧ್ಯತೆ, ಖಾತ್ರಿಯಲ್ಲ ಎಂಬ ಪಾಠವನ್ನು ಇದೇ ಮೇಷ್ಟ್ರು ಮೂವತ್ತು ವರ್ಷ ಹೇಳಿಕೊಟ್ಟವರು. ನನಗೂ ಹೇಳಿಕೊಟ್ಟಿದ್ದಾರೆ. ನಾಣ್ಯ ಚಿಮ್ಮಿಸಿ ತೋರಿಸಿದ್ದರು.

ಮೇಷ್ಟ್ರು ಹೀಗೆ ಬದಲಾದದ್ದು ಹೋಂಸ್ಟೇ ಕಟ್ಟಿದ ಮೇಲೆ. ಇಳಿಜಾರಿನಲ್ಲಿ ಜಾಗ ಸಾಲದೆ ಮನೆಯ ಹಿಂದೆ ಗುಡ್ಡ ಕಡಿಸಿದರು. ಹಾಗೆ ಕಡಿದಾಗ ಉಳಿಯುವ ಮಣ್ಣಿನ ಗೋಡೆಗೆ ನಾವು ಬರೆ ಅನ್ನುತ್ತೇವೆ. ಸುಮಾರು ಮೂರಾಳು ಎತ್ತರ. ಬರೆಯ ಮೇಲೆ ಮಾವನ ಕಾಫಿ ಒಣಗಿಸುವ ಕಣ, ಬರೆಯ ಕೆಳಗೆ ಮೇಷ್ಟ್ರ ಆರು ರೂಮು. ಹೋಂಸ್ಟೇ ಒಳಗೆ ಕಾಲಿಟ್ಟರೆ ಎದುರಿಗೇ ಚೌಕಟ್ಟು ಹಾಕಿದ ಸಂವಿಧಾನದ 51ಎ(ಎಚ್). ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕನ ಕರ್ತವ್ಯ, 1976ರಲ್ಲಿ ಸೇರಿಸಿದ್ದು. ಅದನ್ನು ನೇತುಹಾಕಿದ ಗೋಡೆಯ ಬೆನ್ನಿಗೇ ಬರೆ.

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮೊಣ್ಣಂಗೇರಿ ಕಡೆ ಬೆಟ್ಟಗಳು ಇಳಿದು ಬಂದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಜಾರಿತು. ಆ ದಿನಗಳ ಬಗ್ಗೆ ತಮಾಷೆ ಮಾಡಲು ನನಗೆ ಬರುವುದಿಲ್ಲ. ಆಮೇಲೆ ನಡೆದ ಮಾತುಕತೆಯ ಬಗ್ಗೆ ಮಾತ್ರ ಹೇಳುತ್ತೇನೆ. 2018ರ ಕುಸಿತ ನೋಡಲು ಭೂವಿಜ್ಞಾನ ಸರ್ವೇಕ್ಷಣೆಯವರು ಬಂದರು. ಮಳೆ ಜಾಸ್ತಿಯಾದದ್ದು ನಿಜ, ಆದರೆ ಮನೆಗೂ ರಸ್ತೆಗೂ ಇಳಿಜಾರು ಕಡಿದದ್ದೂ ಕಾರಣ ಅಂದರು. ಮಾವ ಒಪ್ಪಲಿಲ್ಲ. ದೈವಕ್ಕೆ ಕೋಪ ಬಂದಿದೆ, ಕಟ್ಟುಕಟ್ಟಳೆ ತಪ್ಪಿದ್ದೇವೆ ಅಂದರು. ಮೇಷ್ಟ್ರೂ ಒಪ್ಪಲಿಲ್ಲ. ಜುಲೈಯಲ್ಲಿ ಭೂಮಿ ಸಣ್ಣಗೆ ನಡುಗಿತ್ತಲ್ಲ, ಅದರ ಕೆಲಸ ಅಂದರು. ಮೇಲಿನಿಂದ ದೈವ, ಕೆಳಗಿನಿಂದ ಭೂಕಂಪ. ನಡುವೆ ನಿಂತಿದ್ದ ಜೆಸಿಬಿ ನಿರ್ದೋಷಿಯಾಗಿ ಬಿಡುಗಡೆಯಾಯಿತು.

ಪಶ್ಚಿಮಘಟ್ಟ ಉಳಿಸುವ ಕಸ್ತೂರಿರಂಗನ್ ವರದಿಯ ಮಾತು ಬಂದರಂತೂ ಇಬ್ಬರೂ ಅಣ್ಣತಮ್ಮಂದಿರಾಗುತ್ತಾರೆ. 2011ರಲ್ಲಿ ಗಾಡ್ಗೀಳ್ ಸಮಿತಿ ವರದಿ ಕೊಟ್ಟಿತು, ಅದು ತೀರಾ ಖಾರ ಎಂದು 2013ರಲ್ಲಿ ಕಸ್ತೂರಿರಂಗನ್ ಸಮಿತಿ ಸ್ವಲ್ಪ ಸಪ್ಪೆ ಮಾಡಿ ಬಡಿಸಿತು. ಪಶ್ಚಿಮಘಟ್ಟದ ಶೇಕಡಾ 37ರಷ್ಟು ಜಾಗ ಪರಿಸರ ಸೂಕ್ಷ್ಮ ಅಂದಿತು. ನಮ್ಮವರಿಗೆ ಅದೂ ಖಾರವೇ ಆಯಿತು. ಬಂದ್, ಮೆರವಣಿಗೆ, ಘೋಷಣೆ. "ಏಸಿ ರೂಮಿನಲ್ಲಿ ಕೂತು ಮೇಲಿನಿಂದ ಫೋಟೋ ನೋಡಿ ಬರೆದ ವರದಿ" ಎಂದು ಮೇಷ್ಟ್ರು ಭಾಷಣ ಮಾಡಿದರು. ಮಾವ ಚಪ್ಪಾಳೆ ತಟ್ಟಿದರು. ಅವರ ಜೀವನದಲ್ಲೇ ಮೇಷ್ಟ್ರಿಗೆ ತಟ್ಟಿದ ಮೊದಲ ಚಪ್ಪಾಳೆ ಅದು.

ಒಂದು ಪ್ರಶ್ನೆ ಮಾತ್ರ ಚೆನ್ನಾಗಿತ್ತು. ನೆರಳು ಮರ ಇರುವ ಕಾಫಿ ತೋಟ ಮೇಲಿನಿಂದ ನೋಡಿದರೆ ಕಾಡಿನಂತೆಯೇ ಕಾಣುವುದಿಲ್ಲವೇ? ಇದು ನಿಜವಾದ ವಿಜ್ಞಾನಿ ಕೇಳುವ ಪ್ರಶ್ನೆ. ಕೇಳಿದವರು ಉತ್ತರಕ್ಕೆ ಕಾದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಅಷ್ಟರಲ್ಲಿ ಟಯರಿಗೆ ಬೆಂಕಿ ಬಿದ್ದಿತ್ತು.

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯಿತು. ಮಾವನ ಮನೆ ಟಿವಿಯ ಮುಂದೆ ಊರೇ ಸೇರಿತ್ತು. ಮಾವ ದೀಪ ಹಚ್ಚಿದ್ದರು, ಮೇಷ್ಟ್ರು ಲಾಡು ತಂದಿದ್ದರು. ಚಂದ್ರನ ದಕ್ಷಿಣ ಧ್ರುವದ ಹತ್ತಿರ ಎಲ್ಲಿ ಗುಂಡಿ, ಎಲ್ಲಿ ಇಳಿಜಾರು ಎಂದು ಇಸ್ರೋದವರು ಮೇಲಿನಿಂದ ಫೋಟೋ ನೋಡಿ ಹೇಳಿದ್ದನ್ನು ಯಾರೂ ಅನುಮಾನಿಸಲಿಲ್ಲ. "ಕಸ್ತೂರಿರಂಗನ್ ಅವರೂ ಒಂಬತ್ತು ವರ್ಷ ಇದೇ ಇಸ್ರೋದ ಅಧ್ಯಕ್ಷರಾಗಿದ್ದವರು ಅಲ್ವಾ ಮೇಷ್ಟ್ರೇ?" ಎಂದು ನಾನು ಕೇಳಿದೆ. ಮೇಷ್ಟ್ರು ಲಾಡಿನ ಡಬ್ಬಿಯನ್ನು ಆಚೆ ಕಡೆಯವರಿಗೆ ದಾಟಿಸಿದರು. ನನಗೆ ಸಿಗಲಿಲ್ಲ.

ಮರುವರ್ಷ ಜುಲೈ 30ರಂದು ಪಕ್ಕದ ವಯನಾಡಿನಲ್ಲಿ ಬೆಟ್ಟ ಕುಸಿಯಿತು. ಮಾರನೇ ದಿನದ ತಾರೀಖಿನಲ್ಲಿ ಪಶ್ಚಿಮಘಟ್ಟದ ಆ ಸೂಕ್ಷ್ಮ ಜಾಗಗಳ ಬಗ್ಗೆ ಕೇಂದ್ರ ಸರ್ಕಾರದ ಆರನೇ ಕರಡು ಅಧಿಸೂಚನೆ ಬಂತು. ಹೌದು, ಆರನೆಯದು. ಮಾವ ಟಿವಿ ನೋಡುತ್ತಾ ಕಣ್ಣೊರೆಸಿಕೊಂಡರು. ಮೇಷ್ಟ್ರು ಪರಿಹಾರ ನಿಧಿಗೆ ದುಡ್ಡು ಕಳಿಸಿದರು. ಸಂಜೆ ಇಬ್ಬರೂ ಕರಡಿಗೆ ಆಕ್ಷೇಪಣೆ ಬರೆಯಲು ಒಂದೇ ಪೆನ್ನು ಹಂಚಿಕೊಂಡರು.

ಈ ಸಲ ಮಳೆ ಹಿಡಿದ ಎರಡನೇ ವಾರ ಮಾವನ ಕಣದಲ್ಲಿ ಒಂದು ಬಿರುಕು ಕಾಣಿಸಿತು. ಬೆರಳು ಹೋಗುವಷ್ಟು ಅಗಲ. ಮಾವ ಅದಕ್ಕೆ ತಲಕಾವೇರಿ ತೀರ್ಥ ಚಿಮುಕಿಸಿದರು. ಮೇಷ್ಟ್ರು ಕೆಳಗಿನಿಂದ ಹತ್ತಿ ಬಂದು ಒಂದು ಪುಟ್ಟಿ ಸಿಮೆಂಟು ಸುರಿದು, ಮೇಲೆ ನೀಲಿ ಟಾರ್ಪಾಲು ಹೊದಿಸಿದರು. ಭೂವಿಜ್ಞಾನದವರಿಗೆ ಹೇಳೋಣವೇ ಅಂದೆ. "ಅವರು ಬಂದರೆ ಖಾಲಿ ಮಾಡಿ ಅಂತಾರೆ ಅಷ್ಟೇ" ಎಂದರು ಮೇಷ್ಟ್ರು. "ಅವರಿಗೇನು ಗೊತ್ತು?" ಎಂದರು ಮಾವ. ಕೊನೆಗೆ, ಗೊತ್ತಿರುವವರನ್ನೇ ಕೇಳೋಣ ಎಂದು ಇಬ್ಬರೂ ಸೇರಿ ಜೆಸಿಬಿ ಓಡಿಸುವ ಹುಡುಗನನ್ನು ಕರೆಸಿದರು.

ಅವನು ಟಾರ್ಪಾಲು ಎತ್ತಿ ನೋಡಿದ. ಕಾಲಿನಿಂದ ನೆಲವನ್ನು ಎರಡು ಸಲ ಒದ್ದ. "ಏನೂ ಆಗಲ್ಲ ಸಾರ್. ಬೇಕಾದರೆ ಕೆಳಗೆ ಇನ್ನೂ ನಾಲ್ಕಡಿ ತೆಗೀಬಹುದು, ಕಾರು ನಿಲ್ಲಿಸೋಕೆ ಜಾಗ ಆಗುತ್ತೆ" ಅಂದ.

ಮಾವ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಗಂಟೆಗೆ ಎಷ್ಟು ಎಂದು ಕೇಳಿದರು.