ಕಾರವಾರ ಕಿರೀಟದಲ್ಲಿ, ಭಟ್ಕಳ ಗೆಜ್ಜೆಯಲ್ಲಿ

ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಬರೆದ ಹೊಸ ಬಸ್ ಮಾರ್ಗದ ನಕ್ಷೆಯನ್ನು ನೀವೂ ವಾಟ್ಸಾಪ್‌ನಲ್ಲಿ ನೋಡಿರುತ್ತೀರಿ. ಯಾವ ಊರಿನ ಸ್ಟ್ಯಾಂಡ್ ಅಂತ ನಾನು ಹೇಳುವುದಿಲ್ಲ, ನಾಳೆ ಅಲ್ಲಿಂದಲೇ ಬಸ್ ಹಿಡಿಯಬೇಕು. ಇಡೀ ಉತ್ತರ ಕನ್ನಡ ಜಿಲ್ಲೆಗೆ ಯಕ್ಷಗಾನದ ವೇಷ ಕಟ್ಟಿಸಿದ್ದಾರೆ. ಕಿರೀಟದಲ್ಲಿ ಕಾರವಾರ, ಕೊರಳ ಹಾರದಲ್ಲಿ ಅಂಕೋಲಾ, ಡಾಬಿನಲ್ಲಿ ಕುಮಟಾ, ಗೆಜ್ಜೆಯಲ್ಲಿ ಭಟ್ಕಳ. ಸಿರ್ಸಿ ಮೊಣಕೈ ಹತ್ತಿರ ಎಲ್ಲೋ ಇದೆ. ದಾಂಡೇಲಿ, ಹಳಿಯಾಳಕ್ಕೆ ವೇಷದಲ್ಲಿ ಜಾಗ ಸಿಕ್ಕಿಲ್ಲ. ಅವರು ಪ್ರೇಕ್ಷಕರು.

ಬಣ್ಣಗಾರಿಕೆ ಮಾತ್ರ ಅದ್ಭುತ. ಸೆಲ್ಫಿಗೆ ಸಾಲು ನಿಲ್ಲುತ್ತಿದೆ.

ನಕ್ಷೆ ಬರೆಯುವವರು ಸ್ವಲ್ಪ ಸುಳ್ಳು ಹೇಳಲೇಬೇಕು, ಅದು ತಪ್ಪಲ್ಲ. ಲಂಡನ್ನಿನ ಹ್ಯಾರಿ ಬೆಕ್ 1931ರಲ್ಲಿ ನೆಲದಡಿಯ ರೈಲಿಗೆ ನಕ್ಷೆ ಬರೆದಾಗ ಅಂಕುಡೊಂಕೆಲ್ಲ ಕಿತ್ತುಹಾಕಿದ. ಅಡ್ಡ ಗೆರೆ, ಉದ್ದ ಗೆರೆ, 45 ಡಿಗ್ರಿಯ ಓರೆ ಗೆರೆ, ಅಷ್ಟೇ. ಎಷ್ಟು ದೂರ ಅಂತ ಅದರಲ್ಲಿ ತಿಳಿಯುವುದಿಲ್ಲ. ಎಲ್ಲಿ ಹತ್ತಬೇಕು, ಎಲ್ಲಿ ಬದಲಾಯಿಸಬೇಕು ಅನ್ನುವುದು ಮಗುವಿಗೂ ತಿಳಿಯುತ್ತದೆ. ಮೊದಲು ಬೇಡ ಅಂದ ರೈಲಿನವರೇ 1933ರಲ್ಲಿ ಅಚ್ಚು ಹಾಕಿಸಿದರು. ಬೆಕ್ ನಮ್ಮ ಕಡೆ ಬಂದಿದ್ದರೆ ದೇವಿಮನೆ ಘಟ್ಟವೂ ಒಂದು ಓರೆ ಗೆರೆ. ಕುಮಟಾದಿಂದ ಸಿರ್ಸಿಗೆ ವಾಂತಿ ಇಲ್ಲದ ಪ್ರಯಾಣ, ಕಾಗದದ ಮೇಲಾದರೂ!

ನ್ಯೂಯಾರ್ಕಿನಲ್ಲಿ 1972ರಲ್ಲಿ ನೆಲದಡಿಯ ರೈಲಿನ ನಕ್ಷೆ ಬರೆದ ಮಾಸಿಮೊ ವಿನ್ಯೆಲ್ಲಿ ಇನ್ನೂ ಮುಂದೆ ಹೋದ. ಪಾರ್ಕು ಬೂದು, ನೀರು ಮಣ್ಣು ಬಣ್ಣ. ಜನ ಬೈದರು, 1979ರಲ್ಲಿ ಬೇರೆ ನಕ್ಷೆ ಬಂತು. ಪಾಪ, ಅವನು ತಪ್ಪಿ ಆ ಊರಿಗೆ ಹೋದ. ಆಷಾಢದ ಗಂಗಾವಳಿ ಹೊಳೆ ನೋಡಿದವರು ಯಾರೂ ಆ ಬಣ್ಣಕ್ಕೆ ತಕರಾರು ಎತ್ತುತ್ತಿರಲಿಲ್ಲ. ಮತ್ತೆ, ಅವನ ನಕ್ಷೆಯಲ್ಲೂ ಯಾವ ರೈಲು ಎಲ್ಲಿ ನಿಲ್ಲುತ್ತದೆ ಅಂತ ಒಂದೊಂದು ಚುಕ್ಕೆ ಇತ್ತು.

ನಮ್ಮ ವೇಷದಲ್ಲಿ ಅದೊಂದೇ ಇಲ್ಲ. ಹುಬ್ಬಳ್ಳಿಗೆ ಹೋಗುವವರು ಅಂಕೋಲಾದಲ್ಲಿ ಇಳಿಯಬೇಕಾ? ಹಾರವನ್ನೇ ಕೇಳಿ. ಗೋಕರ್ಣಕ್ಕೂ ಗೋಕರ್ಣ ರೋಡ್ ಸ್ಟೇಷನ್ನಿಗೂ ಸೇರಿಸಿ ಒಂದೇ ಮಣಿ. ಎರಡರ ನಡುವೆ ಆಟೋ ಬಾಡಿಗೆ ಕೊಟ್ಟವರು ಇದನ್ನು ನೋಡಿ ನಗಲಿ.

ಮೊನ್ನೆ ಅಜ್ಜಿಯೊಬ್ಬರು ಅದರ ಮುಂದೆ ನಿಂತು, "ತಮಾ, ಕೊನೆ ಬಸ್ ಹೋಯ್ತಾ?" ಅಂತ ಕೇಳಿದರು. ವಿಚಾರಣೆ ಕಿಟಕಿಯಲ್ಲಿ ಯಾರೂ ಇರಲಿಲ್ಲ. ಆ ಗೋಡೆಯ ಮೇಲೆ ಮೊದಲು ಕಪ್ಪು ಬಣ್ಣದಲ್ಲಿ ಬರೆದ ವೇಳಾಪಟ್ಟಿ ಇತ್ತು. ವಕ್ರವಾಗಿತ್ತು, ಅರ್ಧ ಮಾಸಿತ್ತು, ಆದರೂ ಓದಬಹುದಿತ್ತು. ಅದನ್ನು ಒರೆಸಿ ಇದನ್ನು ಬರೆದಿದ್ದಾರೆ. ಒಬ್ಬ ಪ್ರಯಾಣಿಕನನ್ನೂ ಕೇಳದೆ. ಮಳೆಗಾಲದಲ್ಲಿ ಕೊನೆ ಬಸ್ ತಪ್ಪಿದರೆ ಏನಾಗುತ್ತದೆ ಅಂತ ಇವರಿಗೆ ಗೊತ್ತಿಲ್ಲ, ಯಾಕೆಂದರೆ ಇವರು ಬಸ್ಸಿನಲ್ಲಿ ಓಡಾಡುವುದಿಲ್ಲ.

ವೇಳಾಪಟ್ಟಿ ವಾಪಸ್ ಬರೆಸಿ, ಸ್ವಾಮಿ. ಜಾಗ ಇಲ್ಲ ಅನ್ನಬೇಡಿ. ವೇಷದ ಎದೆಪದಕದ ತುಂಬ ಉದ್ಘಾಟನೆ ಮಾಡಿದವರ ಹೆಸರುಗಳಿವೆ. ಅದರ ಮೇಲೇ ಬರೆಸಿದರೆ ಸಾಕು.